ಮೊದಲು ಸೀಟಿ, ಆಮೇಲೆ ಕತ್ತಿ

ನಗರ ಹೋಬಳಿ, ಹೊಸನಗರ ತಾಲ್ಲೂಕು

ಚಿ. ಸೌ. ಮಗಳಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಇತ್ತ ಎಲ್ಲರೂ ಕ್ಷೇಮ. ಮಳೆ ಸ್ವಲ್ಪ ಹಿಡಿತಕ್ಕೆ ಬಂದಿದೆ, ತೋಟಕ್ಕೆ ಎರಡನೆಯ ಸಲದ ಔಷಧಿ ಹೊಡೆದು ಮುಗಿಸಿದ್ದೇವೆ. ದಸರಾ ರಜೆಗೆ ಮಕ್ಕಳಿಬ್ಬರನ್ನೂ ಕರೆದುಕೊಂಡು ಬರುತ್ತೇನೆ, ಕೊಡಚಾದ್ರಿಯ ತಪ್ಪಲಿನ ಕಾಡಿನಲ್ಲಿ ಅವರನ್ನು ನಡೆಸಬೇಕು ಎಂದು ನೀನು ಬರೆದದ್ದನ್ನು ಓದಿ ನಿನ್ನ ಅತ್ತೆಗೂ ನನಗೂ ಆದ ಸಂತೋಷ ಅಷ್ಟಿಷ್ಟಲ್ಲ. ಮಕ್ಕಳಿಗೆಂದು ಆನ್‌ಲೈನಿನಲ್ಲಿ ತರಿಸಿದ ಸರ್ವೈವಲ್ ಕಿಟ್ಟಿನ ಫೋಟೊವನ್ನೂ ಕಳಿಸಿದ್ದೀಯೆ. ಮಡಚುವ ಚೂರಿ, ತಂತಿಯ ಗರಗಸ, ಕಿಡಿ ಹಾರಿಸುವ ಕಡ್ಡಿ, ಗಾಳದ ಮುಳ್ಳು, ದಿಕ್ಸೂಚಿ, ಟಾರ್ಚು, ಬೆಳ್ಳಿ ಬಣ್ಣದ ಹೊದಿಕೆ, ಹಗ್ಗ, ಎಲ್ಲಕ್ಕಿಂತ ಕೆಳಗೆ ಮೂಲೆಯಲ್ಲಿ ಒಂದು ಪುಟ್ಟ ಸೀಟಿ. ಎಂಟು ವರ್ಷದವಳಿಗೂ ಐದು ವರ್ಷದವನಿಗೂ ಇವನ್ನೆಲ್ಲ ಹೇಗೆ ಪರಿಚಯಿಸಲಿ ಎಂದು ಕೇಳಿದ್ದೀಯೆ. ಫೋನಿನಲ್ಲಿ ಹೇಳಿ ಮುಗಿಸುವ ಮಾತು ಇದಲ್ಲವಾದ್ದರಿಂದ ಸಾವಧಾನವಾಗಿ ಕಾಗದ ಬರೆಯಲು ಕೂತಿದ್ದೇನೆ.

ನಿನಗೆ ಇದುವರೆಗೆ ಹೇಳದ ಒಂದು ಸಂಗತಿಯಿಂದ ಶುರುಮಾಡುತ್ತೇನೆ. ನನಗೂ ನಿನ್ನ ಮಗಳಷ್ಟೇ ವಯಸ್ಸಿದ್ದಾಗ, ಸಂಜೆಯಾದರೂ ಕೊಟ್ಟಿಗೆಗೆ ಬಾರದ ಗಬ್ಬದ ದನವನ್ನು ಹುಡುಕಿಕೊಂಡು ಯಾರಿಗೂ ಹೇಳದೆ ಸೊಪ್ಪಿನಬೆಟ್ಟ ದಾಟಿ ಒಳಗಾಡಿಗೆ ಹೋಗಿಬಿಟ್ಟೆ. ಸೊಂಟದ ಕೊಕ್ಕೆಯಲ್ಲಿ ಕತ್ತಿ ಇತ್ತು, ಚಡ್ಡಿಯ ಜೇಬಿನಲ್ಲಿ ಬೆಂಕಿಪೊಟ್ಟಣವೂ ಇತ್ತು. ದಾರಿ ತಪ್ಪಿತೆಂದು ಗೊತ್ತಾದ ಮೇಲೆ ನಿಲ್ಲಬೇಕೆಂಬ ಬುದ್ಧಿ ಬರಲಿಲ್ಲ; ಹಳ್ಳದ ಸದ್ದು ಹಿಡಿದು ಹೋದರೆ ಊರು ಸಿಕ್ಕೀತೆಂದು ನಡೆದಷ್ಟೂ ಮನೆಯಿಂದ ದೂರವಾದೆ. ಬೆಂಕಿಕಡ್ಡಿಗಳು ಬೆವರಿಗೂ ಜಡಿಮಳೆಗೂ ನೆನೆದು ಮದ್ದು ಕಳಚಿ ಬೆರಳಿಗೇ ಅಂಟಿಕೊಂಡವು. ರಾತ್ರಿ ಎಷ್ಟೋ ಹೊತ್ತಾದ ಮೇಲೆ ದೂರದಲ್ಲಿ ಸೂಡಿಯ ಬೆಳಕು ಕಂಡಿತು, ಅಪ್ಪನೂ ನೆರೆಮನೆಯವರೂ 'ಕೂ' ಹಾಕುವುದು ಕೇಳಿಸಿತು. ಕೇಳಿಸಿದರೂ ನಾನು ಓಗೊಡಲಿಲ್ಲ. ಹೇಳದೆ ಬಂದದ್ದಕ್ಕೆ ಬಾರುಕೋಲಿನ ಪೆಟ್ಟು ತಪ್ಪದೆಂಬ ಹೆದರಿಕೆಯಿಂದ ಒಂದು ಮರದ ಬೇರಿನ ಸಂದಿಯಲ್ಲಿ ಮುದುಡಿ ಕೂತು, ಆ ಬೆಳಕು ನನ್ನನ್ನು ದಾಟಿ ಹೋಗುವುದನ್ನು ನೋಡಿದೆ. ಬೆಳಗಿನ ಜಾವ ಇನ್ನೊಮ್ಮೆ ಬಂದಾಗ ಸಿಕ್ಕೆ. ಅಪ್ಪ ಹೊಡೆಯಲಿಲ್ಲ; ಕಂಬಳಿಯಲ್ಲಿ ಸುತ್ತಿ ಹೆಗಲ ಮೇಲೆ ಹೊತ್ತುಕೊಂಡರು, ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ನಿನ್ನ ಅಜ್ಜಿ ಅಂದು ಅತ್ತಷ್ಟು ಮತ್ತೆಂದೂ ಅತ್ತದ್ದನ್ನು ನಾನು ನೋಡಿಲ್ಲ.

ಆದ್ದರಿಂದ ಮಗಳೇ, ಚೀಲಕ್ಕೆ ಯಾವುದೇ ಸಾಮಾನು ಸೇರುವ ಮೊದಲು ಮಕ್ಕಳಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಒಂದು ಮಾತು ಕೊಡು: ದಾರಿ ತಪ್ಪಿದರೆ, ಏನನ್ನಾದರೂ ಕಳೆದರೆ, ಹೇಳಿದ್ದನ್ನು ಮೀರಿಯೇ ಹೋಗಿದ್ದರೂ ಸರಿ, ಹುಡುಕಿಕೊಂಡು ಬಂದವರು ಬೈಯುವುದಿಲ್ಲ, ಹೊಡೆಯುವುದಿಲ್ಲ. ಅಪರಿಚಿತರ ಜೊತೆ ಮಾತಾಡಬೇಡ ಎಂದು ಪೇಟೆಯಲ್ಲಿ ಕಲಿಸಿರುತ್ತೀಯಲ್ಲ, ಆ ಪಾಠಕ್ಕೂ ಇಲ್ಲಿ ಒಂದು ತಿದ್ದುಪಡಿ ಬೇಕು. ಕಾಡಿನಲ್ಲಿ ಹೆಸರು ಹಿಡಿದು ಕೂಗುವವರು ಗುರುತಿಲ್ಲದ ಊರವರಾಗಿರಲಿ, ಖಾಕಿ ಹಾಕಿದ ಅರಣ್ಯ ಇಲಾಖೆಯವರಾಗಿರಲಿ, ಓಗೊಡಲೇಬೇಕು. ಈ ಮಾತು ಮನಸ್ಸಿಗೆ ಇಳಿಯದ ಮಗುವಿನ ಕೈಯಲ್ಲಿ ಎಂಥ ಸೀಟಿ ಇದ್ದರೂ ಅದು ಊದುವುದಿಲ್ಲ.

1981ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಪಾಲೊಮಾರ್ ಬೆಟ್ಟದಲ್ಲಿ ಒಂಬತ್ತು ವರ್ಷದ ಬಾಲಕನೊಬ್ಬ ದಾರಿ ತಪ್ಪಿ, ದೊಡ್ಡ ಹುಡುಕಾಟ ನಡೆದರೂ ಜೀವಂತವಾಗಿ ಸಿಗಲಿಲ್ಲ. ಆ ಹುಡುಕಾಟದಲ್ಲಿದ್ದವರೇ ನೊಂದು, ಶಾಲೆಯ ಮಕ್ಕಳಿಗಾಗಿ 'ಮರವನ್ನು ಅಪ್ಪಿಕೋ' ಎಂಬ ಪಾಠವನ್ನು ಕಟ್ಟಿದರು. ದಾರಿ ತಪ್ಪಿದೆ ಎಂದು ಅನ್ನಿಸಿದ ಗಳಿಗೆಯಲ್ಲೇ ಹತ್ತಿರದ ಒಂದು ಮರವನ್ನು ಹಿಡಿದು ಅಲ್ಲೇ ಉಳಿಯಬೇಕು, ಬೇಕಾದರೆ ಅದರೊಡನೆ ಮಾತಾಡುತ್ತ ಕೂರಬೇಕು ಎಂಬುದೇ ಅದರ ತಿರುಳು. ಒಂದೆಡೆ ನಿಂತ ಮಗುವನ್ನು ಹುಡುಕುವುದು ಸುಲಭ, ನಡೆಯುತ್ತಲೇ ಇರುವ ಮಗು ಹುಡುಕಿ ಮುಗಿಸಿದ ಜಾಗಕ್ಕೇ ಮತ್ತೆ ಬಂದು ಸೇರಿಕೊಳ್ಳಬಹುದು. 1983ರಲ್ಲಿ ಶಿರಸಿ ಸೀಮೆಯ ಸಾಲ್ಕಣಿಯಲ್ಲಿ ನಮ್ಮ ಜನ ಮರಗಳನ್ನು ಉಳಿಸಲು ಅವನ್ನು ಅಪ್ಪಿ ನಿಂತ ಅಪ್ಪಿಕೋ ಚಳವಳಿಯ ಕಥೆಯನ್ನು ನೀನು ಮಕ್ಕಳಿಗೆ ಹೇಳಿದ್ದೀಯೆಂದು ಬಲ್ಲೆ. ಆ ಮರ ನಿನ್ನನ್ನೂ ಉಳಿಸುತ್ತದೆ ಎಂದು ಸೇರಿಸಿ ಹೇಳಿದರೆ ಅವರಿಗೆ ಬೇಗ ಹಿಡಿಸುತ್ತದೆ. ಆದರೆ ನಮ್ಮ ಕಾಡಿನಲ್ಲಿ ಎಲ್ಲ ಮರವೂ ಅಪ್ಪುವಂಥದ್ದಲ್ಲ. ಹೊಳಗೇರಿನ ಸೊನೆ ತಗುಲಿದರೆ ಮೈ ಬಾತು ಗುಳ್ಳೆ ಏಳುತ್ತದೆ, ತುರಚೆ ಗಿಡದ ಉರಿಯಂತೂ ನಿನಗೇ ಗೊತ್ತು. ಬಂದ ಮೊದಲ ದಿನವೇ ಈ ಎರಡನ್ನೂ ಅವರಿಗೆ ತೋರಿಸುವ ಹೊಣೆ ನನ್ನದು.

ಇಷ್ಟಾದ ಮೇಲೆ ಸೀಟಿ. ಇಬ್ಬರಿಗೂ ಮೊದಲ ಸಾಧನ ಅದೇ ಆಗಲಿ, ಐದು ವರ್ಷದವನಿಗಂತೂ ಈ ವರ್ಷ ಅದೊಂದೇ ಸಾಕು. ಮಗುವಿನ ಗಂಟಲು ಸ್ವಲ್ಪ ಹೊತ್ತು ಕೂಗಿದರೆ ಕಟ್ಟಿಹೋಗುತ್ತದೆ. ಅಳು ಸೇರಿಕೊಂಡರೆ ಅದಕ್ಕೂ ಮುಂಚೆ. ಸೀಟಿಗೆ ಅಷ್ಟು ಉಸಿರು ಬೇಡ, ಅದರ ಕೀರಲು ಸದ್ದು ಹಳ್ಳದ ಮೊರೆತವನ್ನೂ ಜೀರುಂಡೆಗಳ ಗದ್ದಲವನ್ನೂ ಸೀಳಿಕೊಂಡು ಬರುತ್ತದೆ. ಒಳಗೆ ಉಂಡೆ ಇರುವ ಸೀಟಿ ನೀರು, ಎಂಜಲು ಸೇರಿದಾಗ ಕಟ್ಟಿಕೊಳ್ಳುವುದರಿಂದ ಉಂಡೆ ಇಲ್ಲದ ಪ್ಲಾಸ್ಟಿಕ್ಕಿನದನ್ನೇ ಆರಿಸಬೇಕು. ಅದನ್ನು ದಾರದಲ್ಲಿ ಪೋಣಿಸಿ ಕೊರಳಿಗೆ ಹಾಕಬೇಡ, ಕೊಂಬೆಗೆ ಸಿಕ್ಕಿಕೊಂಡರೆ ಆ ದಾರವೇ ಉರುಳಾದೀತು. ಅಂಗಿಯ ಎದೆಯ ಕಡೆ ಗಟ್ಟಿ ಪಿನ್ನಿನಿಂದ ಸಿಕ್ಕಿಸಿದರೆ ಕೈಗೆ ತಕ್ಷಣ ಸಿಗುತ್ತದೆ. ಮೂರು ಸಲ ಊದುವುದು, ಅರವತ್ತರವರೆಗೆ ಎಣಿಸುವುದು, ಮತ್ತೆ ಮೂರು ಸಲ ಊದುವುದು. ಮೂರರ ಸದ್ದು ಆಪತ್ತಿನ ಕರೆಯೆಂದು ಚಾರಣಿಗರು ಬಲ್ಲರು.

ಇದನ್ನು ಹೇಳಿಕೊಟ್ಟರೆ ಸಾಲದು, ಆಡಿಸಬೇಕು. ತೋಟದಲ್ಲಿ ಕಣ್ಣಾಮುಚ್ಚಾಲೆಯನ್ನೇ ತಿರುವಿ ಆಡೋಣ: ಮಗು ಅಡಗುವುದರ ಬದಲು ಒಂದು ಮರದ ಬುಡದಲ್ಲಿ ನಿಂತು ಸೀಟಿ ಊದಬೇಕು, ನಾವು ಸದ್ದು ಹಿಡಿದು ಹುಡುಕಬೇಕು. ಮೊದಲ ದಿನ ಅಡಿಕೆ ಸಾಲಿನ ಆಚೆ ತುದಿಯಿಂದ, ಮಾರನೆಯ ದಿನ ನಮ್ಮಲ್ಲೊಬ್ಬರು ಕಾಣದಂತೆ ಹತ್ತಿರವೇ ಇದ್ದುಕೊಂಡು ಬಾಳೆಯ ಮರೆಯಿಂದ. ಎರಡು ನಿಮಿಷ ಯಾರೂ ಬಾರದಿದ್ದರೂ ಮಗು ಜಾಗ ಬಿಡದೆ ಎಣಿಸುತ್ತ ನಿಂತಿತೆಂದರೆ ಪಾಠ ಇಳಿಯಿತು ಎಂದುಕೊಳ್ಳಬಹುದು. ಹೋದ ವರ್ಷ ನೆರೆಮನೆಯ ಆರು ವರ್ಷದ ಹುಡುಗಿಗೆ ನಾನು ಇದನ್ನೇ ಆಡಿಸಿದಾಗ, ಅವಳು ಒಂದು ಕೈಯಲ್ಲಿ ಹಲಸಿನ ಮರವನ್ನು ಹಿಡಿದು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ನಲವತ್ತೇಳು, ನಲವತ್ತೆಂಟು ಎಂದು ಪಿಸುಗುಡುತ್ತಿದ್ದಳು. ನಾನು ಹತ್ತಿರ ಹೋಗಿ ನಿಂತರೂ ಅರವತ್ತು ಮುಗಿಸಿಯೇ ಕಣ್ಣು ಬಿಟ್ಟಳು.

ಬಟ್ಟೆಯ ಬಣ್ಣವನ್ನೂ ನಾನು ಸಾಧನವೆಂದೇ ಲೆಕ್ಕ ಹಾಕುತ್ತೇನೆ. ಮಿಲಿಟರಿ ಹಸಿರಿನ ಮಳೆಯಂಗಿ ಮಕ್ಕಳಿಗೆ ಚೆಂದ ಕಾಣಬಹುದು, ಆದರೆ ಹತ್ತು ಮಾರು ದೂರದಲ್ಲಿ ಕುರುಚಲ ನಡುವೆ ಕೂತ ಮಗು ಅದರಲ್ಲಿ ಕಾಣುವುದಿಲ್ಲ; ಹಳದಿ ಇಲ್ಲವೆ ಕಿತ್ತಳೆ ಇರಲಿ. ಹೊರಡುವ ದಿನ ಬೆಳಗ್ಗೆ ಹಾಕಿಕೊಂಡ ಬಟ್ಟೆಯಲ್ಲೇ ಮಕ್ಕಳ ಒಂದು ಫೋಟೊ, ಅವರ ಬೂಟಿನ ಅಡಿಯ ಇನ್ನೊಂದು ಫೋಟೊ ನಿನ್ನ ಫೋನಿನಲ್ಲಿರಲಿ. ಕೆಸರಿನಲ್ಲಿ ಮೂಡಿದ ಹೆಜ್ಜೆ ಯಾರದೆಂದು ಹೇಳಲು ಅದಕ್ಕಿಂತ ಒಳ್ಳೆಯ ಗುರುತು ಬೇರೆ ಇಲ್ಲ.

ಕಿಟ್ಟಿನಲ್ಲಿರುವ ಬೆಳ್ಳಿ ಹೊದಿಕೆ ಮೈಯ ಶಾಖವನ್ನು ಹಿಡಿದಿಡುತ್ತದೆ, ಇರಲಿ. ಮಲೆನಾಡಿನಲ್ಲಿ ಹಿಮ ಬೀಳುವುದಿಲ್ಲವೆಂದು ಚಳಿಯನ್ನು ಹಗುರವಾಗಿ ಎಣಿಸಬೇಡ. 1343 ಮೀಟರ್ ಎತ್ತರದ ಕೊಡಚಾದ್ರಿಯ ನೆತ್ತಿಯಲ್ಲಿ ಮಂಜು ಮುಸುಕಿ ಗಾಳಿ ಎದ್ದರೆ, ನೆನೆದ ಹತ್ತಿಯ ಅಂಗಿ ತೊಟ್ಟ ಮಗು ನೋಡುನೋಡುತ್ತ ನಡುಗತೊಡಗುತ್ತದೆ. ಚಿಕ್ಕ ಮೈ ದೊಡ್ಡವರ ಮೈಗಿಂತ ಬೇಗ ಶಾಖ ಕಳೆದುಕೊಳ್ಳುತ್ತದೆ. ನಮ್ಮ ಹಿರಿಯರು ಗದ್ದೆಯಲ್ಲಿ ಕಂಬಳಿಕೊಪ್ಪೆ ಹಾಕುತ್ತಿದ್ದುದು ಸುಮ್ಮನಲ್ಲ, ಉಣ್ಣೆ ನೆನೆದರೂ ಸ್ವಲ್ಪ ಬೆಚ್ಚಗಿಡುತ್ತದೆ. ಮಗಳ ಚೀಲದಲ್ಲಿ ಒಂದು ಉಣ್ಣೆಯ ಟೋಪಿ, ಮಡಚಿದ ಒಂದು ದೊಡ್ಡ ಗಾಢಬಣ್ಣದ ಪ್ಲಾಸ್ಟಿಕ್ ಚೀಲ ಇಡು. ಆ ಚೀಲದ ತಳದಲ್ಲಿ ಮುಖ ಪೂರ್ತಿ ಹೊರಗೆ ಬರುವಷ್ಟು ಅಗಲದ ತೂತನ್ನು ನೀನೇ ಮೊದಲು ಕತ್ತರಿಸಿಡಬೇಕು. ಮುಖವನ್ನು ಎಂದೂ ಪ್ಲಾಸ್ಟಿಕ್ಕಿನೊಳಗೆ ಇಡಬಾರದೆಂದು ಅವಳಿಗೆ ಹಾಕಿಸಿ, ತೆಗೆಸಿ, ಮತ್ತೆ ಹಾಕಿಸಿ ಕಲಿಸು. ಚಿಕ್ಕವನ ಕೈಗೆ ಇದನ್ನು ಕೊಡಲೇಬೇಡ.

ಟಾರ್ಚು ಹಣೆಗೆ ಕಟ್ಟುವಂಥದ್ದಾದರೆ ಎರಡು ಕೈಯೂ ಬಿಡುವಾಗಿರುತ್ತವೆ. ಅಡಿಕೆ ತೋಟದ ಒಣಸೋಗೆಯ ನಡುವೆ ಮಂಡಲದ ಹಾವು ಮಲಗಿದ್ದರೆ ಹಗಲಿನಲ್ಲೇ ಕಾಣುವುದಿಲ್ಲ, ರಾತ್ರಿಯಲ್ಲಂತೂ ಬೆಳಕು ಮೊದಲು, ಹೆಜ್ಜೆ ಆಮೇಲೆ ಎಂಬುದು ಅಂಗಳಕ್ಕೆ ಇಳಿಯುವಾಗಲೂ ಅಭ್ಯಾಸವಾಗಬೇಕು. ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಹೀರುವುದು ಯಾವುದೂ ಕೂಡದು. ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯಬೇಕು. ಸಿಗ್ನಲ್ ಸಿಕ್ಕ ಕಡೆ 108 ಅಥವಾ 112ಕ್ಕೆ ಕರೆ ಮಾಡುವುದನ್ನು ದೊಡ್ಡವಳು ಕಲಿಯಬಲ್ಲಳು, ನಿನ್ನ ನಂಬರನ್ನು ಇಬ್ಬರೂ ಬಾಯಿಪಾಠ ಮಾಡಲಿ.

ದಿಕ್ಸೂಚಿ ಸದ್ಯಕ್ಕೆ ಆಟದ ಸಾಮಾನು. ಅಂಗಳದಲ್ಲಿ ಕೂತು ಸೂರ್ಯ ಹುಟ್ಟುವ ಕಡೆಗೆ ಹೋಲಿಸಿ ನೋಡಲಿ, ಹತ್ತಿರ ಕತ್ತಿ ತಂದರೆ ಮುಳ್ಳು ಹೇಗೆ ತಿರುಗುತ್ತದೆಂದು ಕಂಡು ಬೆರಗಾಗಲಿ. ತಂತಿಯ ಗರಗಸವನ್ನೂ ಗಾಳದ ಮುಳ್ಳುಗಳನ್ನೂ ತೆಗೆದು ಅಟ್ಟಕ್ಕೆ ಹಾಕು.

ಕತ್ತಿಯ ವಿಷಯಕ್ಕೆ ನೀನು ಹೆದರುತ್ತಿರುವುದು ಸಹಜ. ಆದರೆ ಅದನ್ನು ಪೂರ್ತಿ ಬಚ್ಚಿಟ್ಟರೆ ಮಗು ಒಂದು ದಿನ ಯಾರೂ ನೋಡದಾಗ ಅದನ್ನೇ ಹುಡುಕಿಕೊಂಡು ಹೋಗುತ್ತದೆ. ದೊಡ್ಡವಳಿಗೆ ನಾನೇ ಹಿತ್ತಲ ಜಗಲಿಯಲ್ಲಿ ಕೂರಿಸಿ ಬಾಳೆದಿಂಡಿನಿಂದ ಆರಂಭ ಮಾಡಿಸುತ್ತೇನೆ. ಕೂತೇ ಕೊಯ್ಯಬೇಕು, ಕೈ ಚಾಚಿದರೆ ಮುಟ್ಟುವಷ್ಟು ದೂರದಲ್ಲಿ ಇನ್ನೊಬ್ಬರಿರಬಾರದು, ಅಲಗು ಮೈಯಿಂದ ಆಚೆಗೆ ಹೋಗಬೇಕು, ಕೆಲಸ ಮುಗಿದ ಕ್ಷಣವೇ ಒರೆಗೆ ಸೇರಬೇಕು. ಮೊಂಡು ಕತ್ತಿಗೆ ಬಲ ಹೆಚ್ಚು ಹಾಕಬೇಕಾಗಿ ಅದು ಜಾರುತ್ತದೆ, ಹಾಗಾಗಿ ಮಸೆದ ಕತ್ತಿಯೇ ಮಗುವಿಗೂ ಸುರಕ್ಷಿತ. ನಮ್ಮ ಮನೆಯಲ್ಲಿ ಕತ್ತಿಯನ್ನು ಕೈಯಿಂದ ಕೈಗೆ ಕೊಡುವ ರೂಢಿ ಇಲ್ಲ, ನೆಲದ ಮೇಲಿಟ್ಟ ಮೇಲೆ ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ. ಜಗಳ ಬರುತ್ತದೆಂದು ಅಜ್ಜಿ ಕಾರಣ ಹೇಳುತ್ತಿದ್ದಳು. ಬೆರಳು ಉಳಿಯುತ್ತದೆ ಎಂಬ ಕಾರಣಕ್ಕೆ ನಾನು ಅದನ್ನು ಇಂದಿಗೂ ಪಾಲಿಸುತ್ತೇನೆ. ಈ ಸಲ ಕಾಡಿಗೆ ಹೋಗುವಾಗ ಮಾತ್ರ ಕತ್ತಿ ನನ್ನ ಸೊಂಟದಲ್ಲೇ ಇರುತ್ತದೆ.

ಬೆಂಕಿಯ ಪಾಠ ಬಚ್ಚಲ ಒಲೆಯ ಮುಂದೆ ಆಗಲಿ. ಅಭಯಾರಣ್ಯದೊಳಗೆ ಬೆಂಕಿ ಹಾಕುವುದು ಕಾನೂನಿಗೂ ವಿರುದ್ಧ, ಕಾಡಿಗೂ ಕೇಡು. ಹಂಡೆಯ ಕೆಳಗೆ ಒಣ ಅಡಿಕೆ ಹಾಳೆಯ ಸೀಳು, ಅದರ ಮೇಲೆ ಸಣ್ಣ ಪುಳ್ಳೆ, ಆಮೇಲೆ ಕೊಳ್ಳಿ ಎಂಬ ಕ್ರಮವನ್ನು ಮಕ್ಕಳು ಒಂದು ವಾರ ನೋಡಲಿ. ಧೂಪದ ಮರದ ಅಂಟನ್ನು ಒಂದು ಚೂರು ಇಟ್ಟರೆ ಹಸಿ ಪುಳ್ಳೆಯೂ ಹೇಗೆ ಹೊತ್ತಿಕೊಳ್ಳುತ್ತದೆಂದು ತೋರಿಸುತ್ತೇನೆ. ಕಡ್ಡಿ ಗೀರುವ ಅವಕಾಶ ದೊಡ್ಡವಳಿಗೆ ಕೊನೆಯ ದಿನ.

ಶಾಲೆಯ ಚೀಲ ಮಗುವಿನ ತೂಕದ ಶೇಕಡಾ 10ನ್ನು ಮೀರಬಾರದೆಂದು 2020ರ ಕೇಂದ್ರದ ನೀತಿ ಹೇಳುತ್ತದೆ; ಕಾಡಿನ ಏರಿಗೆ ನಾನು ಅದರ ಅರ್ಧವನ್ನೇ ಒಪ್ಪುತ್ತೇನೆ. ಕುದಿಸಿ ಆರಿಸಿದ ನೀರಿನ ಸಣ್ಣ ಬಾಟಲಿ, ಚಿಕ್ಕಿ, ಟೋಪಿ, ಆ ಪ್ಲಾಸ್ಟಿಕ್ ಚೀಲ, ಟಾರ್ಚು, ಇಂಬಳಕ್ಕೆಂದು (ಜಿಗಣೆಗೆ) ಬಟ್ಟೆಯಲ್ಲಿ ಕಟ್ಟಿದ ಉಪ್ಪು, ಇಷ್ಟು ಅವಳಿಗೆ ಸಾಕು. ಅವಳೇ ತುಂಬಲಿ, ಅವಳೇ ಬಿಚ್ಚಲಿ, ಕತ್ತಲೆಯಲ್ಲಿ ಮುಟ್ಟಿ ಯಾವುದು ಎಲ್ಲಿದೆ ಎಂದು ಹೇಳಲಿ. ಅಮ್ಮ ತುಂಬಿಕೊಟ್ಟ ಚೀಲ ಬೇಕಾದ ಹೊತ್ತಿಗೆ ಮಗುವಿಗೆ ಅಪರಿಚಿತವಾಗಿರುತ್ತದೆ.

ಬೇಸಗೆಯ ರಜೆಗೂ ಬರುವ ಆಲೋಚನೆ ಇದ್ದರೆ ಆಗ ಬೇರೆ ಎಚ್ಚರ ಬೇಕು. 1957ರಲ್ಲಿ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣುಗುಗಳಿಂದ ಹರಡುತ್ತದೆ, ಡಿಸೆಂಬರಿನಿಂದ ಮೇ ತನಕ ಅದರ ಕಾಲ. ಆ ತಿಂಗಳುಗಳಲ್ಲಿ ಮಂಗ ಸತ್ತ ಸುದ್ದಿ ಇರುವ ಕಾಡಿಗೆ ಮಕ್ಕಳನ್ನು ನಾನು ಕರೆದೊಯ್ಯುವುದಿಲ್ಲ, ಹೋದ ಕಡೆಯಿಂದ ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿಸಿ ಕಿವಿಯ ಹಿಂದೆ, ಕಂಕುಳಲ್ಲಿ, ಮಂಡಿಯ ಸಂದಿನಲ್ಲಿ ನೋಡಲೇಬೇಕು. ಉಣುಗು ಹತ್ತದಂತೆ ಮೈಗೆ ಹಚ್ಚುವ ಎಣ್ಣೆಯ ವಿಚಾರವನ್ನು ಇಲ್ಲಿಯ ಆಶಾ ಕಾರ್ಯಕರ್ತೆಯನ್ನೇ ಕೇಳಿ ಮಕ್ಕಳಿಗೆ ತಕ್ಕಂತೆ ಮಾಡೋಣ.

ಬರುವಾಗ ಹಳದಿ ಮಳೆಯಂಗಿಗಳನ್ನು ತಪ್ಪದೆ ತಾ. ಉಂಡೆ ಇಲ್ಲದ ಸೀಟಿ ಮೂರನ್ನು ತೀರ್ಥಹಳ್ಳಿಯಿಂದ ತರಿಸಿಟ್ಟಿದ್ದೇನೆ, ಮೂರನೆಯದು ನಿನಗೆ. ಬಸ್ಸು ಹತ್ತುವ ಮೊದಲು ಫೋನ್ ಮಾಡಿದರೆ ನಗರದ ಸ್ಟಾಪಿಗೆ ನಾನೇ ಬಂದಿರುತ್ತೇನೆ.

ನಿನ್ನ ಸೋದರಮಾವ