ಕಳಿಸಿಕೊಡುವುದಕ್ಕೂ ಮಂತ್ರವಿದೆ

ಚಿ. ಸೌ. ಮಾಲತಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ನಿನ್ನ ಕಾಗದ ಮೊನ್ನೆ ಕೈಸೇರಿತು. ನಿನ್ನಮ್ಮನ ಮನೆ ಖಾಲಿಮಾಡಲು ಹೊರಟಿದ್ದೀ ಅಂತ ತಿಳಿಯಿತು. ಮನೆ ಯಾಕೆ ಕೊಡಬೇಕಾಯಿತು, ಯಾರು ಒಪ್ಪಿದರು, ಯಾರು ಮುಖ ತಿರುಗಿಸಿದರು ಎಂಬುದೆಲ್ಲ ಇಬ್ಬರಿಗೂ ಗೊತ್ತಿದ್ದದ್ದೇ, ಮತ್ತೆ ಕೆದಕುವುದು ಬೇಡ. ಆದರೆ ಕೊನೆಯಲ್ಲೊಂದು ಸಾಲು ಬರೆದಿದ್ದೀಯಲ್ಲ, "ಅಮ್ಮನ ದೇವರ ಪಟಗಳನ್ನು ಹೊರಗೆ ಹಾಕಿ ಮಗುವಿಗೆ ಏನಾದರೂ ಆದರೆ?" ಅಂತ, ಅದನ್ನು ಓದಿದಾಗಿನಿಂದ ಮನಸ್ಸು ನೆಟ್ಟಗಿಲ್ಲ.

ಏನೂ ಆಗುವುದಿಲ್ಲ ಮಗಳೇ. ಗೋಡೆಗೆ ತೂಗುಹಾಕಿದ ಪಟಕ್ಕೆ ಯಾರೂ ಪ್ರಾಣಪ್ರತಿಷ್ಠೆ ಮಾಡಿರುವುದಿಲ್ಲ. ಕುಂಕುಮ ಹಚ್ಚಿದ್ದು, ಹೂವು ಮುಡಿಸಿದ್ದು ನಿನ್ನಮ್ಮನ ಭಕ್ತಿ. ಅದು ಗಾಜಿಗೆ ಅಂಟಿಕೊಂಡು ಕೂತಿಲ್ಲ. ಇನ್ನು ಆವಾಹನೆ ಮಾಡಿ ಪೂಜಿಸಿದ್ದಕ್ಕೆ ವಿಸರ್ಜನೆಯೂ ಆ ಪೂಜೆಯೊಳಗೇ ಇದೆ. ವರಮಹಾಲಕ್ಷ್ಮಿಯ ಕಲಶವನ್ನು ಮಾರನೇ ದಿನ ಒಂಚೂರು ಉತ್ತರಕ್ಕೆ ಸರಿಸಿ, ಅಕ್ಷತೆ ಹಾಕಿ, "ಪುನರಾಗಮನಾಯ ಚ" ಅನ್ನುವುದನ್ನು ನೀನು ಎಷ್ಟು ಸಲ ನೋಡಿಲ್ಲ? ಆಮೇಲೆ ಆ ಅಕ್ಕಿ ಪಾಯಸಕ್ಕೆ, ಕಾಯಿ ಅಡುಗೆಗೆ. ನೆಂಟರನ್ನು ಕರೆಯುವುದು ಗೊತ್ತಿದ್ದವರಿಗೆ ಕಳಿಸಿಕೊಡುವುದೂ ಗೊತ್ತಿರಬೇಕಲ್ಲ, ಅಷ್ಟೇ ಇದು. ನಮ್ಮ ಕಾಲದ ಹೆಂಗಸರು ಇದನ್ನು ಮಕ್ಕಳಿಗೆ ಬಾಯಿಬಿಟ್ಟು ಹೇಳಿಕೊಡಲಿಲ್ಲ. ಮುಟ್ಟಬೇಡ, ದೇವರು ಕಣ್ಣು ಕೀಳುತ್ತೆ ಅಂದುಬಿಡುವುದು ಸುಲಭವಾಗಿತ್ತು. ಆ ಮಾತಿನ ಹೆದರಿಕೆ ಈಗ ನಿನ್ನ ಕಾಗದದಲ್ಲಿ ಬಂದು ಕೂತಿದೆ.

ದೇವರ ಪೆಟ್ಟಿಗೆಯಲ್ಲಿರುವ ಶಾಲಿಗ್ರಾಮ ಮಾತ್ರ ಬೇರೆ ವಿಷಯ. ಗಂಡಕೀ ನದಿಯ ಆ ಕಲ್ಲಿಗೆ ಪ್ರಾಣಪ್ರತಿಷ್ಠೆ ಬೇಕಿಲ್ಲ, ಅದು ತಾನೇ ಸನ್ನಿಧಾನ ಎಂದು ನಮ್ಮಲ್ಲಿ ನಂಬಿಕೆ. ಪ್ರತಿಷ್ಠೆ ಇಲ್ಲದ್ದಕ್ಕೆ ಉದ್ವಾಸನೆ, ಅಂದರೆ ಕಳಿಸಿಕೊಡುವ ಶಾಸ್ತ್ರ, ಎಲ್ಲಿಂದ ಬರಬೇಕು? ಹಾಗಾಗಿ ಅದನ್ನು ಬಿಡುವುದಲ್ಲ, ಪೂಜೆ ನಡೆಯುವ ಇನ್ನೊಂದು ಕೈಗೆ ಕೊಡುವುದು. ದಿನಾ ಒಂದು ಉದ್ಧರಣೆ ನೀರು, ಒಂದು ದಳ ತುಳಸಿ ನಿನಗೆ ಸಾಧ್ಯವಿದ್ದರೆ ಬೆಂಗಳೂರಿಗೆ ಕೊಂಡೊಯ್ಯಿ. ಆಗದಿದ್ದರೆ ಮಠಕ್ಕೋ ದೇವಸ್ಥಾನಕ್ಕೋ ದಕ್ಷಿಣೆ ಸಮೇತ ಕೊಡು. ದುಡ್ಡಿಗೆ ಮಾತ್ರ ಕೊಡಬೇಡ. ಹಿತ್ತಾಳೆಯ ಮುಕ್ಕಾದ ವಿಗ್ರಹಗಳನ್ನು ಕಂಚುಗಾರರು ಕರಗಿಸಿ ಬೇರೆ ಎರಕ ಹೊಯ್ಯುತ್ತಾರೆ, ಅದರಲ್ಲಿ ದೋಷವಿಲ್ಲ.

ಪಟಗಳ ಕೆಲಸ ಹೀಗೆ ಮಾಡಬಹುದು, ನಿನಗೆ ಸರಿ ಕಂಡರೆ. ಎಲ್ಲವನ್ನೂ ಒಂದು ಕಡೆ ಒರಗಿಸಿ, ದೀಪ ಹಚ್ಚಿ, ಅಕ್ಷತೆ ಹಾಕಿ, ಹೋಗಿ ಬಾ ಅಂತ ಹೇಳು. ಮಂತ್ರ ಬಾರದಿದ್ದರೆ ಕನ್ನಡದಲ್ಲೇ ಹೇಳು. ಆಮೇಲೆ ಅದು ಕಟ್ಟಿಗೆ, ಗಾಜು, ಕಾಗದ. ಬಿಚ್ಚುವ ಮೊದಲು ಗಾಜಿನ ಮೇಲೆ ಅಗಲದ ಟೇಪನ್ನು ಕತ್ತರಿ ಹಾಕಿದ ಹಾಗೆ ಅಡ್ಡಡ್ಡ ಅಂಟಿಸು. ಹಳೇ ಗಾಜು ತೆಳು, ಮೊಳೆ ಕೀಳುವಾಗ ಫಟ್ಟನೆ ಸೀಳುತ್ತದೆ. ಮಗುಚಿ ಹಾಕಿ, ಹಿಂದಿನ ಸಣ್ಣ ಮೊಳೆಗಳನ್ನು ಇಕ್ಕಳದಲ್ಲಿ ಒಂದೊಂದಾಗಿ ಎಳೆ. ಕ್ಯಾಲೆಂಡರಿನ ಕಾಗದವನ್ನು ಚೂರು ಮಾಡಿ ಬಕೆಟ್ ನೀರಿನಲ್ಲಿ ಎರಡು ದಿನ ನೆನೆಸಿದರೆ ಹಿಟ್ಟಾಗುತ್ತದೆ. ತುಳಸಿ ಬುಡಕ್ಕೆ ಸುರಿಯಬೇಡ, ಮಸಿ ಇರುತ್ತದೆ. ತೋಟದಲ್ಲಿ ಗುಂಡಿ ತೋಡಿ ಮುಚ್ಚು. ಲ್ಯಾಮಿನೇಶನ್ ಮಾಡಿದ್ದು ನೆನೆಯುವುದಿಲ್ಲ, ಅದನ್ನು ಒಣಕಸಕ್ಕೇ ಕೊಡಬೇಕು, ಬೇರೆ ದಾರಿಯಿಲ್ಲ. ಅಶ್ವತ್ಥಕಟ್ಟೆಗೆ ಒರಗಿಸಿ ಬರುವುದು ನನಗೆ ಸರಿ ಕಾಣುವುದಿಲ್ಲ. ಮಳೆಗೆ ಉಬ್ಬಿ, ಗಾಜು ಒಡೆದು ಬಿದ್ದ ದೇವರನ್ನು ನೋಡುವುದಕ್ಕಿಂತ ಕೈಯಾರೆ ಮಣ್ಣು ಮಾಡುವುದು ಮರ್ಯಾದೆ. ಹೊಳೆಗೆ ಹಾಕಿದರೆ ಇನ್ಯಾರದೋ ಕಾಲು ಕೊಯ್ಯುತ್ತದೆ. ಪಾಪ ಅನ್ನುವುದಿದ್ದರೆ ಅದು.

ಅವಸರಪಟ್ಟು ಎಲ್ಲವನ್ನೂ ನೆನೆಹಾಕಬೇಡ ಮತ್ತೆ. ಪಟದ ಕೆಳಗಿನ ಅಂಚಿನಲ್ಲಿ ರವಿವರ್ಮ ಪ್ರೆಸ್ ಎಂದು ಸಣ್ಣ ಅಕ್ಷರದಲ್ಲಿದ್ದರೆ ಎತ್ತಿಡು. ಆ ಮುದ್ರಣಾಲಯ 1894ರಲ್ಲಿ ಮುಂಬಯಿಯಲ್ಲಿ ಶುರುವಾದದ್ದು, ಹಳೇ ಅಚ್ಚುಗಳಿಗೆ ಬೆಲೆಯಿದೆ. ಚಿನ್ನದ ರೇಕು ಹಚ್ಚಿದ ಮೈಸೂರು ಚಿತ್ರವೇನಾದರೂ ಇದ್ದರೆ ಒದ್ದೆ ಬಟ್ಟೆ ತಾಗಿಸಲೇಬೇಡ, ರೇಕು ಎದ್ದುಬರುತ್ತದೆ. ಮನೆಯವರ ಫೋಟೋಗಳು ತೇವಕ್ಕೆ ಗಾಜಿಗೇ ಕಚ್ಚಿಕೊಂಡಿರುತ್ತವೆ. ಎಳೆದರೆ ಮುಖ ಗಾಜಿನಲ್ಲೇ ಉಳಿಯುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸು.

ಅಟ್ಟದ ಓಲೆಗರಿ ಕಟ್ಟಿನ ದಾರ ಬಿಚ್ಚಬೇಡ. ಒಣಗಿದ ಗರಿ ಬಿಡಿಸುವಾಗಲೇ ಮುರಿಯುತ್ತದೆ. ಮಜ್ಜಿಗೆಹುಲ್ಲಿನ ಎಣ್ಣೆ ಹಚ್ಚುತ್ತಾರೆ ಅಂತ ಯಾರಾದರೂ ಹೇಳಿಯಾರು. ಹಚ್ಚುವುದು ನಿಜ, ಆದರೆ ಪಳಗಿದ ಕೈ ಬೇಕು. ಎರಡು ಹಲಗೆಗಳ ನಡುವೆ ಇಟ್ಟು, ಹತ್ತಿಬಟ್ಟೆ ಸುತ್ತಿ, ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ಕೇಳು. ಕೌಟಿಲ್ಯನ ಅರ್ಥಶಾಸ್ತ್ರ ಅಲ್ಲಿಗೆ ಹೀಗೇ, ತಂಜಾವೂರಿನ ಪಂಡಿತರೊಬ್ಬರು ತಂದುಕೊಟ್ಟ ಗರಿಗಳಲ್ಲಿ ಬಂದದ್ದು. ಅಲ್ಲಿದ್ದ ವಿದ್ವಾಂಸರು ಶಾಮಶಾಸ್ತ್ರಿಗಳು ಅದನ್ನು 1909ರಲ್ಲಿ ಅಚ್ಚುಹಾಕಿಸಿದರು. ನಮ್ಮ ಕಟ್ಟಿನಲ್ಲಿ ಬರೀ ಅಡಿಕೆ ಲೆಕ್ಕವೇ ಇರಬಹುದು, ಇರಲಿ.

ಹಿಂದೆಲ್ಲ ಮನೆಗಳಲ್ಲಿ ಕಾಗದಗಳನ್ನು ತಂತಿಗೆ ಚುಚ್ಚಿ ನೇತುಹಾಕುತ್ತಿದ್ದರು. ಹೆರಿಗೆ, ಸಾವು, ಕಂದಾಯದ ರಸೀದಿ, ಎಲ್ಲ ಒಂದೇ ತಂತಿಯಲ್ಲಿ. ತಂತಿ ತುಂಬಿದಾಗ ಬಚ್ಚಲೊಲೆಗೆ ಹೋಗುತ್ತಿತ್ತು. ಹಾಗೆ ಉರಿದುಹೋದ ಅಕ್ಷರಗಳನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಅವನ್ನು ಸುಟ್ಟದ್ದಕ್ಕೆ ಯಾರೂ ಹೆದರಲಿಲ್ಲ ನೋಡು, ಹೆದರಿಕೆಯೆಲ್ಲ ಹರಿದ ಕ್ಯಾಲೆಂಡರಿಗೆ.

ಕಾಗದ ಅಂದಾಗ ನೆನಪಾಯಿತು. ಪಹಣಿ, ಕ್ರಯಪತ್ರ ಸರಿ, ನೀನು ನೋಡೇ ನೋಡುತ್ತೀ. ಹಳೇ ಷೇರು ಪತ್ರ ಸಿಕ್ಕಿದರೆ ರದ್ದಿಗೆ ಹಾಕಬೇಡ. 2019ರ ಏಪ್ರಿಲ್‌ನಿಂದ ಕಾಗದದ ಷೇರನ್ನು ಮಾರಲು ಬಾರದಿದ್ದರೂ ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಬಹುದು. ಅಕ್ಕಿಡಬ್ಬ, ಪಂಚಾಂಗ, ಸೀರೆಯ ಮಡಿಕೆ, ಎಲ್ಲ ಕೊಡವಿ ನೋಡು. ಎರಡು ಸಾವಿರದ ನೋಟನ್ನು ಬೆಂಗಳೂರಿನ ರಿಸರ್ವ್ ಬ್ಯಾಂಕ್ ಕಚೇರಿಯಲ್ಲಿ ಬದಲಿಸಿಕೊಳ್ಳಬಹುದು. 2016ರಲ್ಲಿ ರದ್ದಾದ ಐನೂರು, ಸಾವಿರದ ನೋಟುಗಳಿಗೆ ಏನೂ ಬರುವುದಿಲ್ಲ. ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದೇ 2017ರ ಕಾನೂನಿನ ಪ್ರಕಾರ ತಪ್ಪು.

ಸೀರೆಗಳನ್ನು ಪ್ಲಾಸ್ಟಿಕ್ಕಿನಿಂದ ತೆಗೆದು ಹಳೇ ಪಂಚೆಯಲ್ಲಿ ಸುತ್ತು, ಮಡಿಕೆ ಬದಲಿಸು. ಒಂದೇ ಮಡಿಕೆಯಲ್ಲಿ ಜರಿ ಸೀಳುತ್ತದೆ. ನುಸಿಗುಳಿಗೆ ಜರಿಗೆ ತಾಗಿದರೆ ಕಪ್ಪಾಗುತ್ತದೆ. ಹರಿದದ್ದರ ಜರಿಯನ್ನು ಉಗುರಲ್ಲಿ ಕೆರೆದು ನೋಡು, ಒಳಗೆ ಕೆಂಪು ರೇಷ್ಮೆ ಎಳೆ ಕಂಡರೆ ಅಸಲಿ ಬೆಳ್ಳಿಯಿರುವ ಸಂಭವ ಹೆಚ್ಚು. ಅದನ್ನು ತೂಕ ಹಾಕಿಸದೆ ಕೊಡಬೇಡ.

ಇಷ್ಟೆಲ್ಲ ಕೇಳದೇ ಇದ್ದದ್ದನ್ನು ಬರೆದೆನೇನೋ. ಕೇಳಿದ್ದು ಮಗುವಿನ ವಿಷಯ. ಅವಳನ್ನು ಇನ್ನೊಬ್ಬ ಅಜ್ಜಿಯ ಮನೆಯಲ್ಲಿ ಬಿಟ್ಟು ಒಬ್ಬಳೇ ಹೋಗುತ್ತೇನೆ ಅಂದಿದ್ದೀ. ಬೇಡ, ಕರೆದುಕೊಂಡೇ ಹೋಗು. ಪಟಗಳ ಮೇಲೆ ಅಕ್ಷತೆಯನ್ನು ಅವಳ ಕೈಯಿಂದಲೇ ಹಾಕಿಸು, ಹೋಗಿ ಬಾ ಅಂತ ಅವಳೇ ಹೇಳಲಿ. ಗಾಜು ಬಿಚ್ಚುವ ಹೊತ್ತಿಗೆ ಮಾತ್ರ ಅವಳನ್ನು ಅಂಗಳಕ್ಕೆ ಕಳಿಸು. ಹೆದರುವುದಿದ್ದರೆ ಆ ಗಾಜಿಗೆ ಹೆದರು.

ಇತಿ,
ನಿನ್ನ ದೊಡ್ಡಮ್ಮ