ಮಾಸ್ತರರಿಗೆ, ಮತ್ತೆ ಉಳಿದವರಿಗೂ

ಮೊನ್ನೆ ಪಿಎಚ್‌ಡಿ ವೈವಾ ಮುಗಿಯಿತು. ಏಳು ವರ್ಷ ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನನ ಪತ್ರಗಳ ಬೆನ್ನು ಹತ್ತಿದ್ದೆ. ಈಗ ಸಂಜೆಯಾದರೆ ಏನು ಮಾಡಬೇಕು ಅಂತಲೇ ತಿಳಿಯುತ್ತಿಲ್ಲ. ಫೋನ್ ಮಾಡಿದವರ ಜೊತೆ ಸರಿಯಾಗಿ ಮಾತಾಡಲೂ ಆಗಲಿಲ್ಲ, ಅದಕ್ಕೇ ಈ ಬರಹ.

ನನ್ನ ಗೈಡ್, ಬೀದರಿನ ಗೆಳತಿಯರು, ಬಾಗಿಲು ಹಾಕುವ ಹೊತ್ತಾದರೂ "ಇನ್ನೊಂದ್ ಹತ್ ಮಿನಿಟ್ ಕೂಡ್ರಿ" ಅಂದ ಲೈಬ್ರರಿಯವರು, ಮಗನ ಶಾಲೆ ಊಟ ಎಲ್ಲ ನೋಡಿಕೊಂಡ ಅತ್ತೆ, ಎಲ್ಲರಿಗೂ ಕೈಮುಗಿಯುತ್ತೇನೆ. ಮನೆಯವರ ಬಗ್ಗೆ ಬರೆದರೂ ಬೈತಾರೆ, ಬಿಟ್ಟರೂ ಬೈತಾರೆ. ಇರಲಿ.

ಈಗ ಮಾಸ್ತರರ ವಿಷಯ.

ವಿಜಯಪುರದ ಹಳೆ ಓಣಿಯ ಈ ರಿಟೈರ್ಡ್ ಮಾಸ್ತರು ನನಗೆ ಫಾರಸಿ ಕಲಿಸಿದವರು. ಫೀ ಎಷ್ಟು ಅಂತ ಕೇಳಿದ್ದಕ್ಕೆ "ಬರೂಮುಂದ ಎರಡು ಜ್ವಾಳದ ರೊಟ್ಟಿ ತಾ" ಅಂದಿದ್ದರು. ಗವಾನನ ಪತ್ರಗಳ ಸಂಗ್ರಹ 'ರಿಯಾಜುಲ್ ಇನ್ಶಾ' ಓದಲು ಕೂತ ಮೊದಲ ವರ್ಷ ನಾನು ಅತ್ತಿದ್ದೂ ಉಂಟು. ಹೆರಾತಿನಲ್ಲಿದ್ದ ಕವಿ ಜಾಮಿಗೆ ಬರೆದದ್ದಿರಲಿ, ದರಬಾರಿನವರಿಗೆ ಬರೆದದ್ದಿರಲಿ, ಬರೀ ಹೊಗಳಿಕೆ, ಉಪಮೆ, ಪ್ರಾಸ. "ವಿಷಯ ಎಲ್ಲೈತ್ರಿ ಮಾಸ್ತರ್ರ?" ಅಂದರೆ ನಗುತ್ತಿದ್ದರು. "ನೀ ಅತ್ತಿ ಮನಿಂದ ಅವ್ವಗ ಫೋನ್ ಹಚ್ತಿ. ಬಾಜೂಕ ಅತ್ತಿ ನಿಂತಿರ್ತಾಳ. ಏನಂತಿ? 'ಆರಾಮ ಅದೀನವಾ, ಅಲ್ಲಿ ಮಳಿ ಆತೇನು?' ಅಂತಿ. ಇದನ್ನೂ ಹಂಗ ಓದು." (ಅತ್ತೆ, ಇದು ಮಾಸ್ತರರ ಮಾತು, ನನ್ನದಲ್ಲ!)

ಬಹಮನಿ ದರಬಾರಿನಲ್ಲಿ ಇಲ್ಲಿಯವರೇ ಆದ ದಖನಿಗಳದೊಂದು ಗುಂಪು, ಹೊರಗಿನಿಂದ ಬಂದ ಅಫಾಕಿಗಳದೊಂದು ಗುಂಪು. ಶಿಯಾ-ಸುನ್ನಿ ಜಗಳವೂ ಅದರಲ್ಲಿ ಬೆರೆತಿತ್ತು. ಇರಾನಿನ ಗಿಲಾನದಿಂದ ಬಂದ ಗವಾನ ಅಧಿಕಾರವನ್ನು ಇಬ್ಬರಿಗೂ ಹಂಚಲು ನೋಡುತ್ತಿದ್ದ. ಬಾಜೂಕ ನಿಂತ ಅತ್ತೆಯಂದಿರಿಗೇನು ಕಡಿಮೆ ಇರಲಿಲ್ಲ, ಅಲ್ವಾ?

ಹೋದ ವರ್ಷ ಅವ್ವನನ್ನು ಐಸಿಯುಗೆ ಸೇರಿಸಿದ ರಾತ್ರಿ ನಿಮಗೆಲ್ಲ ಗೊತ್ತು, ಮತ್ತೆ ಬರೆಯುವುದಿಲ್ಲ. ಮನೆಯವರು ಊರಲ್ಲಿರಲಿಲ್ಲ. ಹನ್ನೊಂದಕ್ಕೆ ಮಾಸ್ತರು ಚಹಾದ ಥರ್ಮಾಸ್ ಹಿಡಿದು ಬಂದರು. ಮೊಣಕಾಲು ನೋವಿನವರು, ಸ್ಟೀಲ್ ಬೆಂಚಿನ ಮೇಲೆ ಬೆಳಗಿನ ತನಕ ಕೂತರು. "ಎಲ್ಲಾ ಆರಾಮ ಆಗ್ತೈತಿ" ಅಂತ ಒಂದು ಸಲವೂ ಹೇಳಲಿಲ್ಲ. ಎರಡು ಗಂಟೆಯ ಸುಮಾರಿಗೆ ಗವಾನನ ಸುದ್ದಿ ತೆಗೆದರು. ನಾನು ರೇಗಿಬಿಟ್ಟೆ. ಐನೂರು ವರ್ಷದ ಹಿಂದೆ ಸತ್ತವನನ್ನು ಕಟ್ಟಿಕೊಂಡು ನನಗೇನಾಗಬೇಕು ಅಂತ ಕೂಗಿದೆ. ನರ್ಸ್ ಬಂದು ಬೈದು ಹೋದರು.

ಮಾಸ್ತರು ಸುಮ್ನೆ ನನ್ನ ಕೈಯಲ್ಲಿದ್ದ ಔಷಧದ ಬಿಲ್ಲು ತೆಗೆದುಕೊಂಡರು. ಅಕ್ಷರ ಕಾಣದ ಹಾಗೆ ಮಡಚಿ, ಥರ್ಮಾಸಿನ ಒದ್ದೆ ಮುಚ್ಚಳವನ್ನು ಅದರ ಮೇಲೆ ಒತ್ತಿದರು. ದುಂಡಗೆ ಚಹಾದ ಕಲೆ ಬಿತ್ತು. "ಒಳಗ ಏನೈತಿ ಅಂತ ಅಂವ ನೋಡ್ಲಿಲ್ಲ" ಅಂದರು.

ಅಂವ ಅಂದರೆ ಗವಾನನ ಮುದ್ರೆ ಕಾಯುವವ. ಆಗದವರು ಅವನಿಗೆ ಕುಡಿಸಿ, ಮಡಚಿದ ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿಕೊಂಡರು. ಆಮೇಲೆ 'ದಂಡೆತ್ತಿ ಬಾ' ಅಂತ ಗವಾನನೇ ಒರಿಸ್ಸಾದ ರಾಜನಿಗೆ ಬರೆದ ಹಾಗೆ ಒಳಗೆ ತುಂಬಿದರು. 'ಮುದ್ರೆ ನನ್ನದೇ, ಪತ್ರ ನನ್ನದಲ್ಲ' ಅಂದನಂತೆ ಗವಾನ. ಸುಲ್ತಾನ ಕೇಳಲಿಲ್ಲ. 1481ರ ಏಪ್ರಿಲ್‌ನಲ್ಲಿ ತಲೆ ತೆಗೆಸಿದ. ಎಪ್ಪತ್ತು ದಾಟಿದ ಮುದುಕ.

ಆ ಸಂಜೆಯಿಂದ ನಾನೂ ಏಳೆಂಟು ಕಾಗದಕ್ಕೆ ಓದದೇ ಸಹಿ ಹಾಕಿದ್ದೆ. ಅಳು ತಡೆಯಲಿಲ್ಲ. ಅವ್ವ ಒಳಗೆ ಒಬ್ಬಳೇ ಇದ್ದಳು, ನಾನು ಯಾವುದಕ್ಕೆ ಒಪ್ಪಿಗೆ ಕೊಟ್ಟಿದ್ದೇನೆ ಅಂತ ನನಗೇ ಗೊತ್ತಿರಲಿಲ್ಲ. ಮಾಸ್ತರು ಕನ್ನಡಕ ಹಾಕಿಕೊಂಡು, ಕೌಂಟರಿನಿಂದ ಆ ಕಾಗದಗಳ ಪ್ರತಿ ಕೇಳಿ ತಂದು, ಒಂದೊಂದನ್ನೇ ನನ್ನಿಂದ ಓದಿಸಿದರು. ಫಾರಸಿ ಪಾಠದ ಹಾಗೆಯೇ, ತಪ್ಪಿದಲ್ಲಿ ನಿಲ್ಲಿಸಿ. ಮುಗಿಯುವಷ್ಟರಲ್ಲಿ ಬೆಳಗಿನ ಆಜಾನ್ ಕೇಳಿಸಿತು.

ಅವ್ವ ಈಗ ಮನೆಯಲ್ಲಿದ್ದಾಳೆ. ಬೇಡ ಅಂದರೂ ರೊಟ್ಟಿ ಬಡಿಯುತ್ತಾಳೆ.

ಥೀಸಿಸ್‌ನ ಒಂದು ಪ್ರತಿ ಮಾಸ್ತರರಿಗೆ ಕೊಟ್ಟು ಬಂದೆ. ಎರಡೇ ದಿನಕ್ಕೆ ಫೋನ್ ಬಂತು. ಗವಾನ ಬೆಳಗಾವಿ ಕೋಟೆಗೆ ಮುತ್ತಿಗೆ ಹಾಕಿದ ಪುಟದಲ್ಲಿ 1472 ಇರಬೇಕಾದಲ್ಲಿ 1427 ಅಂತ ಅಚ್ಚಾಗಿದೆಯಂತೆ. ವೈವಾದಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. "ಶುಕ್ರವಾರ ನಮಾಜ್ ಆದ ಮ್ಯಾಲ ಬಾ, ಇನ್ನೂ ಅದಾವ" ಅಂದಿದ್ದಾರೆ. ಅವ್ವ ಆಗಲೇ ಜೋಳದ ಹಿಟ್ಟು ಸಾಣಿಸಿ ಇಟ್ಟಿದ್ದಾಳೆ.