ಹಳೇ ಕಾರಿಗೆ ಟ್ರಕ್ಕಿನ ಮ್ಯಾನಿಫೋಲ್ಡೂ ಕುಂದ್ರತೈತಿ, ಅದನ್ನೂ ಬರೀರಿ

ಸಂಪಾದಕರಿಗೆ ನಮಸ್ಕಾರ್ರಿ,

ನಿಮ್ಮ ಪೇಪರಿನ ವಾಹನ ಪುಟದಾಗ ಅಮೆರಿಕದ ಹಳೇ ಮಸಲ್ ಕಾರುಗಳ (ದೊಡ್ಡ ಎಂಜಿನ್ ಹಾಕಿದ ಜೋರಿನ ಕಾರು) ಬಗ್ಗೆ ಬಂದ ಲೇಖನ ಓದಿದೆ, ಫೋಟೋ ಬಾಳ ಚಲೋ ಇದ್ವು. ಆದ್ರ ಎಕ್ಸಾಸ್ಟ್ ವಿಷಯಕ್ಕ ಬಂದಾಗ ಒಂದೇ ಮಾತು, ಹಳೇ ಬೀಡಿನ (ಎರಕದ ಕಬ್ಬಿಣದ) ಮ್ಯಾನಿಫೋಲ್ಡ್, ಅಂದ್ರ ಸಿಲಿಂಡರುಗಳ ಹೊಗಿ ಕೂಡಿಸಿ ಪೈಪಿಗೆ ಕಳಿಸೋ ಭಾಗ, ಕಿತ್ತು ಒಗದು ಅದರ ಬದಲಿಗೆ ತೆಳು ಪೈಪು ಬೆಸದು ಮಾಡಿದ ಹೆಡರ್ ಹಾಕ್ರಿ ಪವರ್ ಬರತೈತಿ ಅಂತ. ಅದನ್ನ ಓದಿ ನಮ್ಮ ಗ್ಯಾರೇಜಿಗೆ ಬರೋ ಹುಡುಗ್ರು ತಮ್ಮ ಹಳೇ ಜೀಪಿಗೂ ಹಂಗ ಮಾಡ್ಕೊಡ್ರಿ ಅಂತ ಕೇಳಾಕತ್ಯಾರ, ಅದಕ್ಕ ಈ ಪತ್ರ. ನಡುವೆ ಇನ್ನೊಂದು ದಾರಿ ಐತಿ, ಅಮೆರಿಕದಾಗ ಹಳೇ ಕಾರು ಕಟ್ಟೋರು ಬಾಳ ಮಂದಿ ಅದನ್ನ ಹಿಡೀತಾರ, ಅದೇ ಕಂಪನಿ ಮುಂದ ತನ್ನ ಟ್ರಕ್ಕಿಗೆ ಮಾಡಿದ ಬೀಡಿನ ಮ್ಯಾನಿಫೋಲ್ಡ್ ತಂದು ಹಳೇ ಕಾರಿಗೆ ಕೂಡಸೋದು.

ಕ್ರೈಸ್ಲರ್ ಕಂಪನಿಯ ಡಾಡ್ಜ್ ಡಾರ್ಟ್, ಪ್ಲಿಮತ್ ಬಾರಾಕುಡಾ ಅಂಥ ಕಾರಿನಾಗ 318, 340, 360 ಕ್ಯೂಬಿಕ್ ಇಂಚಿನ ವಿ8 (ಎಂಟು ಸಿಲಿಂಡರಿನ) ಎಂಜಿನ್ ಬರ್ತಿದ್ವು, 1964ರಾಗ ಶುರುವಾದ ಎಲ್‌ಎ ಅನ್ನೋ ಪೀಳಿಗೆ ಅದು. ಅದನ್ನೇ ಸುಧಾರಿಸಿ 1992ರಾಗ ಮ್ಯಾಗ್ನಮ್ ಅಂತ ಹೆಸರಿಟ್ಟು ಮೊದಲು 5.2 ಲೀಟರ್ದು ಮರುವರ್ಷ 5.9 ಲೀಟರ್ದು ಅಂತ ಡಾಡ್ಜ್ ಟ್ರಕ್ಕಿಗೆ ಹಾಕಿದ್ರು. ಹೆಡ್ (ಸಿಲಿಂಡರಿನ ಮ್ಯಾಲಿನ ಮುಚ್ಚಳ) ಬದಲಾತು, ಇನ್‌ಟೇಕ್ (ಗಾಳಿ ಒಳಗ ಬಿಡೋ ಭಾಗ) ಬೋಲ್ಟು ಹಳೇದರಾಗ ಓರೆ ಇದ್ದದ್ದು ಹೊಸದರಾಗ ನೆಟ್ಟಗ ಆದ್ವು, ಹಿಂಗಾಗಿ ಇನ್‌ಟೇಕ್ ಮಾತ್ರ ಅದಲು ಬದಲು ಆಗೂದಿಲ್ಲ, ಆದ್ರ ಎಕ್ಸಾಸ್ಟ್ ಕಡೆ ಬೋಲ್ಟಿನ ತೂತು ಹಳೇ ಜಾಗದಾಗ ಉಳದ್ವು ನೋಡ್ರಿ. ಅಷ್ಟು ವರ್ಷದ ಹಿಂದಿನ ಹೆಡ್ಡಿಗೆ ಟ್ರಕ್ಕಿನ ಮ್ಯಾನಿಫೋಲ್ಡ್ ಸೀದಾ ಬೋಲ್ಟ್ ಆಗತೈತಿ. ಹಳೇ 318ರ ಮ್ಯಾನಿಫೋಲ್ಡಿನ ಒಳದಾರಿ ಇಕ್ಕಟ್ಟು, ಹೊಗಿ ಹೊರಗ ಹೋಗಾಕ ಒದ್ದಾಡತೈತಿ, 340ಕ್ಕ ಬರ್ತಿದ್ದದ್ದು ಅಗಲ ಇತ್ತು ಆದ್ರ ಅಸಲಿ ಪೀಸ್ ಈಗ ಹುಡುಕಿದ್ರೂ ಸಿಗೂದು ಕಷ್ಟ, ಸಿಕ್ರೂ ದುಬಾರಿ. ಟ್ರಕ್ಕಿಂದು ಗುಜರಿಯಾಗ ಸಿಗತೈತಿ.

ಹಂಗಂತ ತಂದು ಹಚ್ಚಿದ ಕೂಡ್ಲೇ ಮುಗೀತು ಅಂತಲ್ಲ. ಟ್ರಕ್ಕಿನ ಬಾನೆಟ್ ಒಳಗ ಇರೋವಷ್ಟು ಜಾಗ ಆ ಸಣ್ಣ ಕಾರಿನಾಗ ಇರೂದಿಲ್ಲ, ಡ್ರೈವರ್ ಕಡೆ ಸ್ಟೇರಿಂಗ್ ಬಾಕ್ಸಿಗೆ ತಾಗತೈತೇನು, ಪ್ಲಗ್ಗಿನ ವಯರು ಸುಡತೈತೇನು, ಪೈಪ್ ಇಳಿಯೋ ಬಾಯಿ ಯಾವ ಕಡೆ ಮಾರಿ ಮಾಡೈತಿ, ಇದನ್ನೆಲ್ಲ ಮೊದ್ಲು ಪ್ಯಾಕಿಂಗ್ (ನಡುವಿನ ಗ್ಯಾಸ್ಕೆಟ್) ಇಲ್ದಂಗ ಒಂದೆರಡು ಬೋಲ್ಟ್ ಕೈಲೆ ಹಾಕಿ ಹಿಡದು ನೋಡಬೇಕು. ಕೆಳಗಿನ ಪೈಪಂತೂ ಹೊಸದಾಗಿ ಬಾಗಿಸಿ ಮಾಡಿಸಬೇಕಾಗತೈತಿ. ಶೆವ್ರೊಲೆ ಟ್ರಕ್ಕಿನ 5.3 ಲೀಟರ್ ಎಂಜಿನ್ನನ್ನೇ ಹಳೇ ಕಾರಿಗೆ ಇಳಿಸೋರಿಗೂ ಇದೇ ತಲಿನೋವು, ಎಂಜಿನ್ ಕುಂತ್ರೂ ಟ್ರಕ್ಕಿನ ಮ್ಯಾನಿಫೋಲ್ಡ್ ಫ್ರೇಮಿಗೆ ತಾಗತೈತಿ. ಆ ಎಂಜಿನ್ನಿನಾಗ ಮ್ಯಾನಿಫೋಲ್ಡಿನ ಹಿಂದಿನ ತುದಿ ಬೋಲ್ಟು ಮುರಿಯೋದು ಎಲ್ಲಾರಿಗೂ ಗೊತ್ತಿರೋ ರೋಗ. ಹೆಡ್ಡಿಗೆ ನೀರಿನ ತಂಪು ಐತಿ, ಮ್ಯಾನಿಫೋಲ್ಡಿಗೆ ಇಲ್ಲ, ಅದು ಕಾದಾಗ ಉದ್ದಕ್ಕ ಹಿಗ್ಗತೈತಿ, ಆರಿದಾಗ ಕುಗ್ಗತೈತಿ, ನಡುವಿನ ಬೋಲ್ಟಿಗೆ ಅಷ್ಟೇನೂ ಆಗಲ್ಲ, ಹೆಚ್ಚಿನ ಎಳದಾಟ ತುದಿ ಬೋಲ್ಟಿನ ಮ್ಯಾಲೆ ಬೀಳತೈತಿ. ಅದಕ್ಕ ಗುಜರಿಯಿಂದ ತಂದದ್ದನ್ನ ಮೊದ್ಲು ಫೇಸಿಂಗ್ ಮಾಡಿಸಿ (ಹೆಡ್ಡಿಗೆ ಕೂಡೋ ಮಾರಿ ಸಪಾಟ ಮಾಡಿಸಿ), ಕ್ರ್ಯಾಕ್ ನೋಡಿ, ಹೊಸ ಬೋಲ್ಟ್ ಹಾಕಿ, ನಡುವಿಂದ ಶುರು ಮಾಡಿ ತುದಿ ಕಡೆ ಟೈಟ್ ಮಾಡ್ಕೋತ ಹೋಗಬೇಕು. ನಮ್ಮ ಲಾರಿಗೂ ಜೀಪಿಗೂ ಇದೇ ಲೆಕ್ಕ.

ಹೆಡರ್ ಪೂರಾ ಕೆಟ್ಟದ್ದು ಅಂತ ನಾ ಹೇಳೂದಿಲ್ಲ. ರೇಸಿಗೆ, ಎಂಜಿನ್ ಹೈ ಆರ್‌ಪಿಎಂನಾಗ ತಿರುಗಿದಾಗ ಅದರಿಂದ ಲಾಭ ಐತಿ. ಆದ್ರ ದಿನಾ ಓಡಾಡೋ ಗಾಡಿಗೆ ತೆಳು ಪೈಪು ಕಾವನ್ನ ಬಾನೆಟ್ ಒಳಗ ಬಿಡತೈತಿ, ಪ್ಯಾಕಿಂಗ್ ಸುಟ್ಟು ಪಟ್ ಪಟ್ ಅಂತ ಲೀಕ್ ಶುರು ಆಗತೈತಿ, ಏಪ್ರಿಲ್ ಮೇ ಬಿಸಲಾಗ ಕೊಪ್ಪಳ ರಾಯಚೂರು ಕಡೆ ಗಾಡಿ ಓಡಿಸಿದೋರಿಗೆ ಆ ಕಾವು ಏನು ಅಂತ ನಾ ಬಿಡಿಸಿ ಹೇಳಬೇಕಿಲ್ಲ. ನಮ್ಮ ರೋಡಿನ ಉಬ್ಬಿಗೆ (ಹಂಪ್) ಕೆಳಗ ಜೋತುಬಿದ್ದ ಪೈಪು ಬಡದು ಜಜ್ಜಿ ಹೋಗತಾವ. ಬೀಡು ದಪ್ಪ ಇರತೈತಿ, ಅದರೊಳಗಿನ ಗ್ರಾಫೈಟ್ ನಡುಕ ನುಂಗತೈತಿ, ಸಪ್ಪಳ ಕಮ್ಮಿ.

ಮತ್ತ ಇದನ್ನ ಕೊಪ್ಪಳದಿಂದ ಬರೀಲಿಕ್ಕೆ ಕಾರಣಾನೂ ಐತ್ರಿ. ನಮ್ಮ ತಾಲೂಕಿನ ಬೇವಿನಹಳ್ಳಿಯಾಗ ಕಿರ್ಲೋಸ್ಕರ್ ಫೆರಸ್‌ನೋರು ಎಂಜಿನ್ ಬ್ಲಾಕ್, ಹೆಡ್ಡು ಎರಕ ಹೊಯ್ತಾರ, ಅಂಥ ಊರಾಗ ಬೀಡು ಅಂದ್ರ ಹಳೇ ಕಾಲದ್ದು, ಬಿಸಾಕೋ ಮಾಲು ಅಂತ ಹುಡುಗ್ರು ತಿಳ್ಕೊಂಡ್ರ ನನಗ ಬಾಳ ಬ್ಯಾಸರ ಆಗತೈತಿ. ಡಾಡ್ಜ್, ಫಾರ್ಗೋ ಲಾರಿ ಬಾಂಬೆದಾಗ ಪ್ರೀಮಿಯರ್ ಕಂಪನಿಯೋರು ಜೋಡಿಸ್ತಿದ್ರು, ಅವನ್ನ ರಿಪೇರಿ ಮಾಡಿದ ಹಿರೇ ಮಿಸ್ತ್ರಿಗಳು ಯಾರರ ಸಿಕ್ರ ಅವರ ಮಾತೂ ಕೇಳಿ ಬರೀರಿ.

ಇನ್ನೊಂದು, ಕಾನೂನಿನ ಮಾತು ಲೇಖನದಾಗ ಬರಲೇ ಇಲ್ಲ. 2021ರ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ (ಹಳೇ ಕಾಲದ ಗಾಡಿ) ಅಂತ ವಿಎ ಅಕ್ಷರ ಇರೋ ನಂಬರ್ ತಗೊಳ್ಳಾಕ ಬರತೈತಿ, ನೋಂದಣಿಗೆ 20,000 ರೂಪಾಯಿ ಫೀ, ಆದ್ರ ಚಾಸಿ, ಬಾಡಿ, ಎಂಜಿನ್ ದೊಡ್ಡ ಬದಲಾವಣಿ ಆಗಿರಬಾರದು ಅಂತ ಐತಿ. ಅದಕ್ಕ ಯಾವ ಕೆಲಸಕ್ಕೂ ಕೈ ಹಾಕೋ ಮೊದ್ಲು ಆರ್‌ಟಿಒ ಆಫೀಸಿನಾಗ ಕೇಳ್ರಿ, ಕಟ್ ಮಾಡಬ್ಯಾಡ್ರಿ, ವೆಲ್ಡ್ ಮಾಡಬ್ಯಾಡ್ರಿ, ಬೋಲ್ಟ್ ಬಿಚ್ಚಿದ್ರ ವಾಪಸ್ ಮೊದಲಿನಂಗ ಆಗೋ ಕೆಲಸ ಅಷ್ಟೇ ಮಾಡಿಸ್ರಿ, ತಗದ ಅಸಲಿ ಮ್ಯಾನಿಫೋಲ್ಡಿಗೆ ಎಣ್ಣಿ ಹಚ್ಚಿ ಚೀಟಿ ಕಟ್ಟಿ ಇಟ್ಕೊಳ್ರಿ, ಗುಜರಿಗೆ ಹಾಕಬ್ಯಾಡ್ರಿ.

ಮುಂದಿನ ಸಲ ನಿಮ್ಮ ಪುಟದಾಗ ಹೊಳೆಯೋ ಹೆಡರಿನ ಫೋಟೋ ಜೊತಿಗೆ ಯಾವ ಎಂಜಿನ್ನಿಗೆ ಯಾವ ವರ್ಷದ ಯಾವ ಗಾಡಿಯ ಮ್ಯಾನಿಫೋಲ್ಡ್ ಹೊಂದತೈತಿ, ಎಲ್ಲಿ ತಾಗತೈತಿ ಅಂತ ಒಂದು ಪಟ್ಟಿ ಹಾಕ್ರಿ. ನಮ್ಮ ಜೀಪು, ಅಂಬಾಸಡರ್, ಹಳೇ ಟಾಟಾ ಲಾರಿಗೂ ಅಂಥ ಪಟ್ಟಿ ಬಂತಂದ್ರ ಕತ್ತರಿಸಿ ಗ್ಯಾರೇಜಿನ ಗ್ವಾಡಿಗೆ ಅಂಟಿಸ್ಕೋತೀವಿ.

ಇಂತಿ,
ಗ್ಯಾರೇಜ್ ಮೆಕ್ಯಾನಿಕ್, ಕೊಪ್ಪಳ